ಮಗ ಕಾಲೇಜು ಬಿಟ್ಟರೆ ಮನೆಗೆ ಬರುವ ಹಣ ಯಾವತ್ತು ನಿಲ್ಲುತ್ತದೆ? ಬ್ರಿಟನ್ನಿನ ಚೈಲ್ಡ್ ಬೆನಿಫಿಟ್ ಲೆಕ್ಕ

ಬ್ರಿಟನ್ನಿನಲ್ಲಿ ಹದಿನಾರರ ಹೊಸ್ತಿಲಲ್ಲಿರುವ ಮಕ್ಕಳ ಮನೆಗೆ ಮೇ ಕೊನೆಯಿಂದ ಜುಲೈ ನಡುವೆ ಒಂದು ಕಾಗದ ಬರುತ್ತದೆ. ಕಳಿಸುವುದು ತೆರಿಗೆ ಇಲಾಖೆ, ಅಂದರೆ ಎಚ್‌ಎಂಆರ್‌ಸಿ. ಮಗು ಮುಂದೆ ಓದುತ್ತದಾ ಅಂತ ಅದರಲ್ಲಿ ಕೇಳಿರುತ್ತಾರೆ. ಪಿಜ್ಜಾ ಅಂಗಡಿಯ ಪಾಂಪ್ಲೆಟ್ಟು, ಗ್ಯಾಸ್ ಬಿಲ್ಲುಗಳ ಜೊತೆ ಬಾಗಿಲ ಹಿಂದಿನ ಮ್ಯಾಟ್ ಮೇಲೆ ಬಿದ್ದಿರುತ್ತದೆ. ಆ ಹೊತ್ತಿಗೆ ಮನೆಯಲ್ಲಿ ನಮ್ಮ ಎಸ್ಸೆಸ್ಸೆಲ್ಸಿಯಂಥ ಜಿಸಿಎಸ್‌ಇ ಪರೀಕ್ಷೆಯ ಗಲಾಟೆ. ಆಮೇಲೆ ನೋಡಿದರಾಯ್ತು ಅಂತ ಫ್ರಿಜ್ ಮೇಲೆ ಇಡುತ್ತೇವೆ. ಅದರ ಮೇಲೆ ಮಾವಿನಹಣ್ಣಿನ ಬಾಕ್ಸು ಬರುತ್ತದೆ. ಅಲ್ಲಿಗೆ ಕಾಗದದ ಕಥೆ ಮುಗಿಯಿತು.

ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಾಗ ನಾಲ್ಕು ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಚೈಲ್ಡ್ ಬೆನಿಫಿಟ್ ಹಣದ ಸಾಲು ಕಾಣುವುದಿಲ್ಲ.

ಇನ್ನು ಕೆಲವರ ಮನೆಯಲ್ಲಿ ಇದರ ಉಲ್ಟಾ ಆಗುತ್ತದೆ. ಮಗಳು ಸಿಕ್ಸ್ತ್ ಫಾರ್ಮ್, ಅಂದರೆ ನಮ್ಮ ಪಿಯುಸಿ ಥರದ ಓದಿಗೆ ಸೇರಿ, ನಾಲ್ಕು ತಿಂಗಳಾದ ಮೇಲೆ "ಅಮ್ಮ, ನನಗೆ ಇದು ಆಗ್ತಿಲ್ಲ, ಬಿಟ್ಟುಬಿಡ್ತೀನಿ" ಅನ್ನುತ್ತಾಳೆ. ಮನೆಯವರಿಗೆ ಅದರದ್ದೇ ಚಿಂತೆ. ಹಣ ಮಾತ್ರ ಮೊದಲಿನ ಹಾಗೆಯೇ ಬರುತ್ತಿರುತ್ತದೆ. ಒಂದು ವರ್ಷ ಕಳೆದ ಮೇಲೆ "ಇಷ್ಟು ಹಣ ನಿಮಗೆ ಜಾಸ್ತಿ ಬಂದಿದೆ, ವಾಪಸ್ ಕೊಡಿ" ಅಂತ ಕಾಗದ ಬರುತ್ತದೆ.

ಎರಡೂ ಕಡೆ ಆಗಿರುವುದು ಒಂದೇ. ಮಗುವಿನ ಓದಿಗೂ ಮನೆಯ ಹಣಕ್ಕೂ ಇರುವ ಗಂಟು ಎಲ್ಲಿದೆ ಅಂತ ಯಾರೂ ಬಿಡಿಸಿ ಹೇಳಿಲ್ಲ. ಈ ಲೇಖನದಲ್ಲಿ ಬರುವ ದರಗಳೆಲ್ಲ 2025-26ರ ಆರ್ಥಿಕ ವರ್ಷದವು. ಪ್ರತಿ ಏಪ್ರಿಲ್‌ನಲ್ಲಿ ಅವು ಬದಲಾಗುತ್ತವೆ.

## ಮೊದಲು, ಇದು ನಿಮಗೆ ಸಂಬಂಧಿಸಿದ್ದಾ?

ಬ್ರಿಟನ್ನಿನಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನ ಸ್ಕಿಲ್ಡ್ ವರ್ಕರ್ ವೀಸಾ ಮೇಲೆ ಬಂದವರು. ಆ ವೀಸಾಕ್ಕೆ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ಅನ್ನುವ ಷರತ್ತು ಇರುತ್ತದೆ. ಸರ್ಕಾರದ ನೆರವಿನ ಹಣವನ್ನು ಕೇಳುವಂತಿಲ್ಲ ಅಂತ ಅದರ ಅರ್ಥ. ಚೈಲ್ಡ್ ಬೆನಿಫಿಟ್ಟೂ, ಕಡಿಮೆ ಆದಾಯದವರಿಗೆ ಸಿಗುವ ಯೂನಿವರ್ಸಲ್ ಕ್ರೆಡಿಟ್ಟೂ ಆ ಪಟ್ಟಿಯಲ್ಲಿವೆ. ತೆರಿಗೆ ಕಟ್ಟುತ್ತೇವಲ್ಲ ಅನ್ನಿಸಬಹುದು. ಆದರೆ ನಿಯಮ ನೋಡುವುದು ತೆರಿಗೆಯನ್ನಲ್ಲ, ವೀಸಾವನ್ನು.

ಐಎಲ್‌ಆರ್, ಅಂದರೆ ಖಾಯಂ ವಾಸದ ಅನುಮತಿ ಸಿಕ್ಕವರಿಗೆ ಅಥವಾ ಬ್ರಿಟಿಷ್ ಪೌರತ್ವ ಪಡೆದವರಿಗೆ ಈ ಷರತ್ತು ಇರುವುದಿಲ್ಲ. ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಖಾಯಂ ಅನುಮತಿ ಇದ್ದು ಇನ್ನೊಬ್ಬರು ವೀಸಾ ಮೇಲಿದ್ದರೆ, ಅನುಮತಿ ಇರುವವರ ಹೆಸರಿನಲ್ಲಿ ಚೈಲ್ಡ್ ಬೆನಿಫಿಟ್ ಕೇಳಬಹುದು. ಬರೀ ವೀಸಾ ಮೇಲಿರುವ ಮನೆಯವರು ಇದನ್ನು ಮುಂದಕ್ಕೆ ಬೇಕಾದೀತು ಅಂತ ಓದಿಟ್ಟುಕೊಂಡರೆ ಸಾಕು.

## ಚೈಲ್ಡ್ ಬೆನಿಫಿಟ್ ಅಂದ್ರೆ ಏನು?

ಮಗುವನ್ನು ಸಾಕುವ ಖರ್ಚಿಗೆ ಅಂತ ಸರ್ಕಾರ ಕೊಡುವ ಹಣ. ದೊಡ್ಡ ಮಗುವಿಗೆ, ಅಥವಾ ಒಂದೇ ಮಗು ಇದ್ದರೆ ಅದಕ್ಕೆ, ವಾರಕ್ಕೆ 26.05 ಪೌಂಡ್. ನಂತರದ ಪ್ರತಿ ಮಗುವಿಗೆ 17.25 ಪೌಂಡ್. ಸಾಮಾನ್ಯವಾಗಿ ನಾಲ್ಕು ವಾರದ್ದು ಒಟ್ಟಿಗೆ ಬರುತ್ತದೆ. ಒಂದು ಮಗುವಿನ ಮನೆಗೆ 104.20, ಇಬ್ಬರಿದ್ದರೆ 173.20 ಪೌಂಡ್.

ಇದರ ಬೇರು ಹಳೆಯದು. ಎಲಿನಾರ್ ರಾತ್‌ಬೋನ್ ಅನ್ನುವ ಸಂಸದೆ ವರ್ಷಗಟ್ಟಲೆ ಹೋರಾಡಿದ ಮೇಲೆ 1945ರಲ್ಲಿ ಕುಟುಂಬ ಭತ್ಯೆಯ ಕಾನೂನು ಬಂತು. 1946ರ ಆಗಸ್ಟ್‌ನಿಂದ ಎರಡನೇ ಮಗುವಿನಿಂದ ಶುರುಮಾಡಿ ವಾರಕ್ಕೆ 5 ಶಿಲಿಂಗ್ ಕೊಡತೊಡಗಿದರು. ಈಗಿನ ಚೈಲ್ಡ್ ಬೆನಿಫಿಟ್‌ಗೆ ದಾರಿ ಮಾಡಿದ್ದು 1975ರ ಕಾನೂನು. ಹಣ ತಾಯಿಯ ಕೈಗೆ ಸಿಗಬೇಕು ಅನ್ನುವುದು ರಾತ್‌ಬೋನ್ ಅವರ ಹಟ. ನಮ್ಮ ಗೃಹಲಕ್ಷ್ಮಿ ಹಣ ಮನೆಯ ಯಜಮಾನಿಯ ಖಾತೆಗೇ ಹೋಗುತ್ತದಲ್ಲ, ಯೋಚನೆ ಆ ಜಾತಿಯದು.

ಆದಾಯ ಜಾಸ್ತಿ ಇದ್ದವರಿಗೆ ಒಂದು ತಿರುವು ಇದೆ. ಗಂಡ-ಹೆಂಡತಿಯಲ್ಲಿ ಯಾರಾದರೂ ಒಬ್ಬರ ವಾರ್ಷಿಕ ಆದಾಯ 60,000 ಪೌಂಡ್ ದಾಟಿದರೆ, ಬಂದ ಹಣದ ಒಂದು ಪಾಲನ್ನು ತೆರಿಗೆಯಾಗಿ ವಾಪಸ್ ಕಟ್ಟಬೇಕು. 60,000ದ ಮೇಲಿನ ಪ್ರತಿ 200 ಪೌಂಡ್‌ಗೆ ಶೇ 1ರಷ್ಟು. 70,000 ಇದ್ದರೆ ಅರ್ಧ ಹೋಯಿತು. 80,000 ಮುಟ್ಟಿದರೆ ಪೂರ್ತಿ. ಹಾಗಾಗಿ ಐಟಿಯಲ್ಲಿರುವ, ಆಸ್ಪತ್ರೆಯಲ್ಲಿರುವ ಎಷ್ಟೋ ಜನ ಹಣವೇ ಬೇಡ ಅಂತ ಬರೆದುಕೊಟ್ಟಿರುತ್ತಾರೆ. ಅವರಿಗೆ ಮಗು ಓದು ಬಿಟ್ಟರೂ ಈ ಸಾಲಿನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

## ಹದಿನಾರರ ನಂತರ ಮೌನದ ಅರ್ಥ ಬದಲಾಗುತ್ತದೆ

16 ತುಂಬುವವರೆಗೆ ಯಾರೂ ಏನೂ ಕೇಳುವುದಿಲ್ಲ. ಮಗು ಇದ್ದರೆ ಸಾಕು, ಹಣ ಬರುತ್ತದೆ. 16 ತುಂಬಿದ ಮೇಲೆ ಬರುವ ಆಗಸ್ಟ್ 31ಕ್ಕೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದ 20 ತುಂಬುವವರೆಗೆ ಹಣ ಬರಬೇಕಾದರೆ ಮಗು ಓದುತ್ತಿರಬೇಕು, ಅಥವಾ ಸರ್ಕಾರ ಒಪ್ಪಿದ ತರಬೇತಿಯಲ್ಲಿರಬೇಕು.

ಗೊಂದಲ ಹುಟ್ಟುವುದು ಇಲ್ಲಿ. ಆ ಮೊದಲ ಆಗಸ್ಟ್ 31ಕ್ಕೆ ನೀವು ಸುಮ್ನೆ ಇದ್ದರೆ, ಮಗು ಓದು ಬಿಟ್ಟಿದೆ ಅಂತ ಇಲಾಖೆ ಅಂದುಕೊಳ್ಳುತ್ತದೆ. ಹಣ ನಿಲ್ಲುತ್ತದೆ. ನಷ್ಟ ನಿಮಗೆ.

ಒಮ್ಮೆ ನೀವು "ಹೌದು, ಓದುತ್ತಾನೆ" ಅಂತ ತಿಳಿಸಿದ ಮೇಲೆ ಸುಮ್ನೆ ಇದ್ದರೆ, ಮಗು ಇನ್ನೂ ಓದುತ್ತಿದೆ ಅಂತ ಅಂದುಕೊಳ್ಳುತ್ತದೆ. ಹಣ ಬರುತ್ತಲೇ ಇರುತ್ತದೆ. ನಡುವೆ ಓದು ಬಿಟ್ಟಿದ್ದರೆ ಆಮೇಲೆ ಬಂದದ್ದೆಲ್ಲ ಸಾಲ.

ಅದೇ ಮೌನ. ಒಂದು ಸಲ ಕೈಗೆ ಬರಬೇಕಾದ ಹಣ ತಪ್ಪಿಸುತ್ತದೆ, ಇನ್ನೊಂದು ಸಲ ತಲೆಗೆ ಸಾಲ ಹೊರಿಸುತ್ತದೆ. ನನ್ನ ಲೆಕ್ಕದಲ್ಲಿ ಇದೊಂದು ತಿಳಿದರೆ ಅರ್ಧ ವಿಷಯ ತಿಳಿದಂತೆ.

ಆ ಕಾಗದಕ್ಕೆ ಉತ್ತರ ಕೊಡುವುದು ಕಷ್ಟವೇನಲ್ಲ. ಅದರ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಫೋನ್ ಹಿಡಿದರೆ ಸರ್ಕಾರದ ಜಾಲತಾಣಕ್ಕೆ ಹೋಗುತ್ತದೆ. ಎಚ್‌ಎಂಆರ್‌ಸಿಯ ಆ್ಯಪ್‌ನಲ್ಲೂ ಆಗುತ್ತದೆ. ಕಷ್ಟ ಇರುವುದು ಸಮಯದಲ್ಲಿ. 2025ರಲ್ಲಿ ಜಿಸಿಎಸ್‌ಇ ಫಲಿತಾಂಶ ಬಂದದ್ದು ಆಗಸ್ಟ್ 21ಕ್ಕೆ. ಗಡುವು ಆಗಸ್ಟ್ 31. ನಡುವೆ ಹತ್ತೇ ದಿನ. ಎಷ್ಟೋ ಮನೆಯವರು ಆ ಹತ್ತು ದಿನ ಊರಿನಲ್ಲಿ ಅಜ್ಜಿ ಮನೆಯಲ್ಲಿರುತ್ತಾರೆ. ಫಲಿತಾಂಶಕ್ಕೆ ಕಾಯಬೇಕಾಗಿಲ್ಲ. ಮಗು ಮುಂದೆ ಓದುತ್ತದೆ ಅನ್ನುವುದು ಗಟ್ಟಿಯಿದ್ದರೆ ಕಾಗದ ಬಂದ ದಿನವೇ ತಿಳಿಸಬಹುದು. ನಿರ್ಧಾರ ಬದಲಾದರೆ ಆಗ ಮತ್ತೆ ತಿಳಿಸಿದರಾಯಿತು.

## 'ಓದು' ಅಂದ್ರೆ ಯಾವ ಓದು?

ಸರ್ಕಾರದ ಭಾಷೆಯಲ್ಲಿ ಇದಕ್ಕೆ 'ಫುಲ್ ಟೈಮ್' ಮತ್ತು 'ಒಪ್ಪಿತ' ಅನ್ನುವ ಎರಡು ಗುರುತು ಇರಬೇಕು.

ಫುಲ್ ಟೈಮ್ ಅಂದ ತಕ್ಷಣ ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕು ಅಂದುಕೊಳ್ಳಬೇಡಿ. ಟರ್ಮ್ ನಡೆಯುವಾಗ ವಾರಕ್ಕೆ ಸರಾಸರಿ 12 ಗಂಟೆಗಿಂತ ಜಾಸ್ತಿ ಪಾಠ ಇದ್ದರೆ ಸಾಕು. ಮೇಷ್ಟ್ರು ನೋಡಿಕೊಳ್ಳುವ ಓದು, ಪ್ರಾಕ್ಟಿಕಲ್, ಪರೀಕ್ಷೆ ಎಲ್ಲ ಇದರಲ್ಲಿ ಸೇರುತ್ತವೆ. ಊಟದ ಬಿಡುವು ಸೇರುವುದಿಲ್ಲ. ಮನೆಯಲ್ಲಿ ಕೂತು ಓದಿದ್ದೂ ಸೇರುವುದಿಲ್ಲ. ಮೂರು ಎ-ಲೆವೆಲ್ ವಿಷಯ ತೆಗೆದುಕೊಂಡವರಿಗೆ ಇದು ಸಾಮಾನ್ಯವಾಗಿ ದಾಟುತ್ತದೆ. ಒಂದು ವಿಷಯ ಬಿಟ್ಟು, ಇನ್ನೊಂದನ್ನು ಸಂಜೆ ಕ್ಲಾಸಿಗೆ ಬದಲಿಸಿಕೊಂಡವರು ಗಂಟೆ ಎಣಿಸಿ ನೋಡುವುದು ಒಳ್ಳೆಯದು.

ಒಪ್ಪಿತ ಅಂದರೆ ಎ-ಲೆವೆಲ್ ಮಟ್ಟದವರೆಗಿನ ಓದು. ನಮ್ಮ ಲೆಕ್ಕದಲ್ಲಿ ಜಿಸಿಎಸ್‌ಇ ಎಂದರೆ ಎಸ್ಸೆಸ್ಸೆಲ್ಸಿ, ಎ-ಲೆವೆಲ್ ಎಂದರೆ ಪಿಯುಸಿ ಅಂತ ಅಂದಾಜು ಇಟ್ಟುಕೊಳ್ಳಿ. ಪಿಯುಸಿವರೆಗೆ ಹಣ, ಡಿಗ್ರಿಗೆ ಇಲ್ಲ. ಟಿ-ಲೆವೆಲ್, ಸ್ಕಾಟ್ಲೆಂಡಿನ ಹೈಯರ್ಸ್, ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್, ಲೆವೆಲ್ 3ರವರೆಗಿನ ವೃತ್ತಿ ಕೋರ್ಸುಗಳೂ ಇದರೊಳಗೆ ಬರುತ್ತವೆ. ಕೋರ್ಸಿನ ಶುಲ್ಕವನ್ನು ಕೆಲಸ ಕೊಟ್ಟ ಕಂಪನಿ ಕಟ್ಟುತ್ತಿದ್ದರೆ ಅದು ಲೆಕ್ಕಕ್ಕಿಲ್ಲ.

ಯೂನಿವರ್ಸಿಟಿಗೆ ಹೋದರೂ ಮಗು ಓದುತ್ತಲೇ ಇದೆಯಲ್ಲ, ಹಣ ಯಾಕೆ ನಿಲ್ಲಬೇಕು? ಇದು ನಮ್ಮವರು ಜಾಸ್ತಿ ಕೇಳುವ ಪ್ರಶ್ನೆ. ಡಿಗ್ರಿ ಓದುವವರನ್ನು ಈ ವ್ಯವಸ್ಥೆ ಮಗು ಅಂತ ನೋಡುವುದಿಲ್ಲ. ಅವರ ಖರ್ಚಿಗೆ ವಿದ್ಯಾರ್ಥಿ ಸಾಲ ಅನ್ನುವ ಬೇರೆ ದಾರಿ ಇದೆ, ಅದು ಅವರ ಖಾತೆಗೇ ಹೋಗುತ್ತದೆ. ಜೂನ್‌ನಲ್ಲಿ ಎ-ಲೆವೆಲ್ ಮುಗಿಸಿ ಸೆಪ್ಟೆಂಬರ್‌ನಲ್ಲಿ ಯೂನಿವರ್ಸಿಟಿಗೆ ಹೊರಟ ಮಗುವಿಗೆ ಚೈಲ್ಡ್ ಬೆನಿಫಿಟ್ ಆಗಸ್ಟ್ 31ಕ್ಕೆ ಮುಗಿಯುತ್ತದೆ.

ಹಾಗಾದರೆ ಅಪ್ರೆಂಟಿಸ್‌ಶಿಪ್? ಕೆಲಸ ಕಲಿಯುತ್ತಾ ಓದುವುದು ತಾನೇ? ಇಂಗ್ಲೆಂಡಿನಲ್ಲಿ 18 ತುಂಬುವವರೆಗೆ ಓದು ಅಥವಾ ತರಬೇತಿ ಕಡ್ಡಾಯ, ಆ ಕಾನೂನಿಗೆ ಅಪ್ರೆಂಟಿಸ್‌ಶಿಪ್ ನಡೆಯುತ್ತದೆ. ಚೈಲ್ಡ್ ಬೆನಿಫಿಟ್‌ಗೆ ನಡೆಯುವುದಿಲ್ಲ. ಅಪ್ರೆಂಟಿಸ್‌ಗೆ ಸಂಬಳ ಸಿಗುತ್ತದೆ ಅನ್ನುವುದು ಕಾರಣ. 16-18ರ ಅಪ್ರೆಂಟಿಸ್‌ಗೆ ಕನಿಷ್ಠ ಕೂಲಿ ಗಂಟೆಗೆ 7.55 ಪೌಂಡ್. ವಾರಕ್ಕೆ 30 ಗಂಟೆ ಹಿಡಿದರೆ 226.50. ಲೆಕ್ಕದಲ್ಲಿ ಇದು ದೊಡ್ಡ ಮೊತ್ತವೇ. ಆದರೆ ಆ ಹಣ ಮಗನ ಖಾತೆಗೆ. ನಿಂತದ್ದು ಅಮ್ಮನ ಖಾತೆಯದ್ದು. ಮನೆ ಖರ್ಚಿಗೆ ಮಗನ ಹತ್ತಿರ ಹಣ ಕೇಳುವ ಮಾತು ಎಷ್ಟೋ ಮನೆಯಲ್ಲಿ ಮೊದಲ ಸಲ ಬರುವುದು ಆವಾಗಲೇ.

## ವರ್ಷಕ್ಕೆ ನಾಲ್ಕೇ ಬಸ್ಸು

ಮಗು ನಡುವೆ ಓದು ಬಿಟ್ಟಿತು ಅಂದುಕೊಳ್ಳಿ. ಹಣ ಅದೇ ದಿನ ನಿಲ್ಲುವುದಿಲ್ಲ. ಹಣ ನಿಲ್ಲಲಿಕ್ಕೆ ಅಂತ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಫೆಬ್ರವರಿ ಕೊನೆಯ ದಿನ, ಮೇ 31, ಆಗಸ್ಟ್ 31, ನವೆಂಬರ್ 30. ಓದು ಬಿಟ್ಟ ಮೇಲೆ ಇವುಗಳಲ್ಲಿ ಯಾವುದು ಮೊದಲು ಬರುತ್ತದೋ ಅಲ್ಲಿಯವರೆಗೆ ಹಣ ಬರುತ್ತದೆ.

ದಿನಕ್ಕೆ ನಾಲ್ಕೇ ಬಸ್ಸು ಬರುವ ಹಳ್ಳಿ ನೆನಪು ಮಾಡಿಕೊಳ್ಳಿ. ಸಂತೆ ಕೆಲಸ ಎಷ್ಟು ಹೊತ್ತಿಗಾದರೂ ಮುಗಿಯಲಿ, ಹೊರಡುವುದು ಮುಂದಿನ ಬಸ್ಸಿಗೇ. ಬಸ್ಸು ಬರುವ ಐದು ನಿಮಿಷ ಮುಂಚೆ ಮುಗಿಸಿದವರು ತಕ್ಷಣ ಹೊರಡುತ್ತಾರೆ. ಈಗಷ್ಟೇ ಬಸ್ಸು ಹೋಯಿತು ಅನ್ನುವವರು ಮುಂದಿನದಕ್ಕೆ ಕಾಯಬೇಕು.

ನವೆಂಬರ್ 28ಕ್ಕೆ ಕಾಲೇಜು ಬಿಟ್ಟ ಹುಡುಗನ ಮನೆಗೆ ಹಣ ನವೆಂಬರ್ 30ಕ್ಕೆ ನಿಲ್ಲುತ್ತದೆ. ಡಿಸೆಂಬರ್ 3ಕ್ಕೆ ಬಿಟ್ಟವನ ಮನೆಗೆ ಫೆಬ್ರವರಿ ಕೊನೆಯವರೆಗೆ ಬರುತ್ತದೆ. ಐದು ದಿನದ ಅಂತರ, ಸುಮಾರು 13 ವಾರದ ಹಣ. ದೊಡ್ಡ ಮಗುವಿನ ದರದಲ್ಲಿ 338.65 ಪೌಂಡ್. ದಿನಾಂಕ ನೋಡಿಕೊಂಡು ಕಾಲೇಜು ಬಿಡಿ ಅಂತ ಹೇಳುತ್ತಿಲ್ಲ. ಪಕ್ಕದ ಮನೆಯವರಿಗೆ ಮೂರು ತಿಂಗಳು ಜಾಸ್ತಿ ಬಂತು, ನಮಗೆ ಯಾಕೆ ಇಲ್ಲ ಅನ್ನುವ ಪ್ರಶ್ನೆಗೆ ಉತ್ತರ ಇದು.

ಜೂನ್‌ನಲ್ಲಿ ಪರೀಕ್ಷೆ ಮುಗಿಸಿ ಸೆಪ್ಟೆಂಬರ್‌ನಲ್ಲಿ ಮುಂದಿನ ಕೋರ್ಸು ಸೇರುವವರು ನಡುವಿನ ಬೇಸಿಗೆ ರಜೆಗೆ ಹೆದರಬೇಕಾಗಿಲ್ಲ. ಅದು ಓದು ಬಿಟ್ಟ ಹಾಗೆ ಅಲ್ಲ.

ಕೆಲವು ಸಂದರ್ಭಗಳಲ್ಲಿ ಮಾತ್ರ ಬಸ್ಸಿಗೆ ಕಾಯುವ ಮಾತೇ ಇಲ್ಲ, ಹಣ ತಕ್ಷಣ ನಿಲ್ಲುತ್ತದೆ. ಓದು ಬಿಟ್ಟು ವಾರಕ್ಕೆ 24 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಸಂಬಳದ ಕೆಲಸಕ್ಕೆ ಸೇರಿದರೆ. ಇಂಗ್ಲೆಂಡಿನಲ್ಲಿ ಅಪ್ರೆಂಟಿಸ್‌ಶಿಪ್ ಶುರುಮಾಡಿದರೆ. ಮಗು ತನ್ನ ಹೆಸರಿನಲ್ಲೇ ಯೂನಿವರ್ಸಲ್ ಕ್ರೆಡಿಟ್‌ನಂಥ ನೆರವು ಪಡೆಯತೊಡಗಿದರೆ. ಓದುತ್ತಲೇ ಶನಿವಾರ-ಭಾನುವಾರ ಸೂಪರ್‌ಮಾರ್ಕೆಟ್‌ನಲ್ಲಿ ದುಡಿಯುವ ಮಗುವಿನಿಂದ ಏನೂ ತೊಂದರೆ ಇಲ್ಲ. ಓದು ನಡೆಯುತ್ತಿರುವವರೆಗೆ ಆ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

## ಹೆಚ್ಚು ಜನರಿಗೆ ಗೊತ್ತಿಲ್ಲದ 20 ವಾರ

16 ಅಥವಾ 17ರ ಮಗು ಓದು ಬಿಟ್ಟಿದೆ. ಕೆಲಸವೂ ಸಿಕ್ಕಿಲ್ಲ. ಸ್ವಂತ ಹೆಸರಿನಲ್ಲಿ ಯೂನಿವರ್ಸಲ್ ಕ್ರೆಡಿಟ್ ಕೇಳುವ ವಯಸ್ಸೂ ಅಲ್ಲ. ಅದು ಸಾಮಾನ್ಯವಾಗಿ 18ಕ್ಕೆ, ಕೆಲವು ವಿಶೇಷ ಸಂದರ್ಭದಲ್ಲಿ ಮಾತ್ರ ಅದಕ್ಕೂ ಮುಂಚೆ. ಮಗು ಮನೆಯಲ್ಲಿ ಕೂತಿದೆ, ಊಟ ಬಟ್ಟೆ ಎಲ್ಲ ಮನೆಯದ್ದೇ. ಈ ನಡುವಿನ ಕಾಲಕ್ಕೆ ಅಂತ ಇನ್ನೊಂದು ಅವಕಾಶ ಇದೆ.

ಮಗು ಸರ್ಕಾರಿ ಉದ್ಯೋಗ ಸಲಹಾ ಸೇವೆಯಲ್ಲಿ ಹೆಸರು ಬರೆಸಿದರೆ, ಅಥವಾ ಸೇನೆಗೆ ಸೇರಲು ಸಹಿ ಹಾಕಿದ್ದರೆ, ಚೈಲ್ಡ್ ಬೆನಿಫಿಟ್ಟನ್ನು 20 ವಾರ ಮುಂದುವರಿಸಿ ಅಂತ ಕೇಳಬಹುದು. ಎಣಿಕೆ ಶುರುವಾಗುವುದು ಓದು ಬಿಟ್ಟ ನಂತರದ ಸೋಮವಾರದಿಂದ. ಓದು ಬಿಟ್ಟು ಮೂರು ತಿಂಗಳೊಳಗೆ ಕೇಳಬೇಕು. ನಡುವೆ ಮಗುವಿಗೆ 18 ತುಂಬಿದರೆ ಅಥವಾ 24 ಗಂಟೆಯ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ.

2025ರ ಜೂನ್ 27 ಶುಕ್ರವಾರ ಶಾಲೆ ಬಿಟ್ಟ ಹುಡುಗಿಯ ಲೆಕ್ಕ ಹಾಕೋಣ. ಎಣಿಕೆ ಜೂನ್ 30ಕ್ಕೆ ಶುರು. 20 ವಾರ ಮುಗಿಯುವುದು ನವೆಂಬರ್ 16ಕ್ಕೆ. ಏನೂ ಕೇಳದಿದ್ದರೂ ಆಗಸ್ಟ್ 31ರವರೆಗೆ ಹೇಗೂ ಬರುತ್ತಿತ್ತು. ಹಾಗಾಗಿ ನಿಜವಾಗಿ ಸಿಕ್ಕ ಲಾಭ 11 ವಾರ, 286.55 ಪೌಂಡ್. ಇಷ್ಟಕ್ಕೆ ಮಾಡಬೇಕಾದ ಕೆಲಸ ಎರಡು: ಮಗಳು ಹೆಸರು ಬರೆಸಬೇಕು, ನೀವು ಕೇಳಬೇಕು.

## ಯೂನಿವರ್ಸಲ್ ಕ್ರೆಡಿಟ್‌ಗೆ ಬೇರೆಯದೇ ಕ್ಯಾಲೆಂಡರ್

ಇಲ್ಲಿಯವರೆಗೆ ಹೇಳಿದ್ದು ಚಿಲ್ಲರೆ. ಕಡಿಮೆ ಆದಾಯದ ಮನೆಗೆ ದೊಡ್ಡ ಪೆಟ್ಟು ಬೀಳುವುದು ಯೂನಿವರ್ಸಲ್ ಕ್ರೆಡಿಟ್‌ನಲ್ಲಿ.

ಯೂನಿವರ್ಸಲ್ ಕ್ರೆಡಿಟ್ ಅಂದರೆ ಕೆಲಸ ಇಲ್ಲದವರಿಗೆ, ಇದ್ದರೂ ಸಂಬಳ ಸಾಲದವರಿಗೆ ಪ್ರತಿ ತಿಂಗಳು ಸಿಗುವ ನೆರವು. ಇದನ್ನು ನೋಡಿಕೊಳ್ಳುವುದು ಡಿಡಬ್ಲ್ಯುಪಿ ಅನ್ನುವ ಬೇರೆ ಇಲಾಖೆ. ಎಚ್‌ಎಂಆರ್‌ಸಿಗೆ ಹೇಳಿದರೆ ಅವರಿಗೂ ಹೇಳಿದಂತೆ ಅಂದುಕೊಳ್ಳಬೇಡಿ. ಆನ್‌ಲೈನ್ ಜರ್ನಲ್‌ನಲ್ಲಿ ಪ್ರತ್ಯೇಕವಾಗಿ ತಿಳಿಸಬೇಕು.

ಇದರಲ್ಲಿ ಮಗುವಿಗೆ ಅಂತ ಒಂದು ಭಾಗ ಇರುತ್ತದೆ. 2017ರ ಏಪ್ರಿಲ್ 6ಕ್ಕಿಂತ ಮುಂಚೆ ಹುಟ್ಟಿದ ಮೊದಲ ಮಗುವಿಗೆ ತಿಂಗಳಿಗೆ 339 ಪೌಂಡ್. ಈಗ ಹದಿಹರೆಯದಲ್ಲಿರುವವರೆಲ್ಲ ಅದಕ್ಕಿಂತ ಮುಂಚೆ ಹುಟ್ಟಿದವರೇ. 16ರ ನಂತರದ ಆಗಸ್ಟ್ 31 ಇಲ್ಲಿಯೂ ಇದೆ, 12 ಗಂಟೆಯ ನಿಯಮವೂ ಇದೆ. ವ್ಯತ್ಯಾಸ ಶುರುವಾಗುವುದು ಆಮೇಲೆ.

ಮೊದಲನೆಯದು ವಯಸ್ಸು. ಚೈಲ್ಡ್ ಬೆನಿಫಿಟ್ 20 ತುಂಬುವವರೆಗೆ. ಯೂನಿವರ್ಸಲ್ ಕ್ರೆಡಿಟ್ 19 ತುಂಬಿದ ಮೇಲೆ ಬರುವ ಆಗಸ್ಟ್ 31ರವರೆಗೆ. ಜುಲೈನಲ್ಲಿ 19 ತುಂಬಿದ, ಕೋರ್ಸು ಇನ್ನೂ ಒಂದು ವರ್ಷ ಬಾಕಿ ಇರುವ ಹುಡುಗನ ಮನೆಯಲ್ಲಿ ಏನಾಗುತ್ತದೆ ನೋಡಿ. ಚೈಲ್ಡ್ ಬೆನಿಫಿಟ್ ಬರುತ್ತಲೇ ಇರುತ್ತದೆ. ಕೆಲವೇ ವಾರಗಳಲ್ಲಿ ಯೂನಿವರ್ಸಲ್ ಕ್ರೆಡಿಟ್‌ನ ಮಗುವಿನ ಭಾಗ ಹೋಗುತ್ತದೆ. ಒಂದೇ ಹುಡುಗ, ಅದೇ ಕಾಲೇಜು, ಅದೇ ಬೆಂಚು. ಒಂದು ಇಲಾಖೆಗೆ ಅವನು ಮಗು, ಇನ್ನೊಂದಕ್ಕೆ ದೊಡ್ಡವನು.

ಎರಡನೆಯದು, ಇಲ್ಲಿ ನಾಲ್ಕು ಬಸ್ಸುಗಳಿಲ್ಲ, 20 ವಾರವೂ ಇಲ್ಲ. ಯೂನಿವರ್ಸಲ್ ಕ್ರೆಡಿಟ್ ತಿಂಗಳ ಲೆಕ್ಕದಲ್ಲಿ ನಡೆಯುತ್ತದೆ, ಒಬ್ಬೊಬ್ಬರ ತಿಂಗಳು ಒಂದೊಂದು ತಾರೀಕಿಗೆ ಶುರುವಾಗುತ್ತದೆ. ತಿಂಗಳ ಕೊನೆಗೆ ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿ, ಇಡೀ ತಿಂಗಳಿಗೂ ಅದನ್ನೇ ಬರೆದುಕೊಳ್ಳುವ ಹಾಜರಿ ಪುಸ್ತಕದ ಹಾಗೆ ಇದು. ನಿಮ್ಮ ತಿಂಗಳು 10ರಿಂದ 9ರವರೆಗೆ ಇದ್ದು, ಮಗಳು ಜನವರಿ 8ಕ್ಕೆ ಕಾಲೇಜು ಬಿಟ್ಟರೆ, ಡಿಸೆಂಬರ್ 10ರಿಂದಲೇ ಬಿಟ್ಟಂತೆ ಲೆಕ್ಕ. ಅಷ್ಟೂ ದಿನ ಅವಳು ಕ್ಲಾಸಿಗೆ ಹೋಗಿದ್ದರೂ ಅಷ್ಟೇ.

ಮೂರನೆಯದು ಒಳಗೊಳಗೇ ಕಚ್ಚುವಂಥದ್ದು. ಮಗು ಇರುವ ಮನೆಯಲ್ಲಿ ದುಡಿಯುವವರಿಗೆ 'ವರ್ಕ್ ಅಲವೆನ್ಸ್' ಅಂತ ಇದೆ. ಸಂಬಳದ ಒಂದಷ್ಟು ಭಾಗವನ್ನು ನೋಡಿಯೂ ನೋಡದ ಹಾಗೆ ಬಿಡುತ್ತಾರೆ. ಬಾಡಿಗೆಗೆ ನೆರವು ಪಡೆಯುತ್ತಿದ್ದರೆ ತಿಂಗಳಿಗೆ 411 ಪೌಂಡ್, ಇಲ್ಲದಿದ್ದರೆ 684. ಅದಕ್ಕಿಂತ ಮೇಲೆ ದುಡಿದ ಪ್ರತಿ ಪೌಂಡ್‌ಗೆ 55 ಪೆನ್ಸ್ ಕಡಿತ. ಮನೆಯ ಕೊನೆಯ ಮಗು ಓದು ಬಿಟ್ಟ ತಿಂಗಳಿಂದ ಈ ರಿಯಾಯಿತಿಯೂ ಹೋಗುತ್ತದೆ. ಅನಾರೋಗ್ಯದ ಕಾರಣಕ್ಕೆ ಅದನ್ನು ಪಡೆಯುವವರಿಗೆ ಮಾತ್ರ ಉಳಿಯುತ್ತದೆ. ಅಂದರೆ ಸಂಬಳದ ಮೊದಲ ಪೌಂಡ್‌ನಿಂದಲೇ ಕಡಿತ ಶುರು.

ಒಂದು ಮನೆಯ ಲೆಕ್ಕ ಹಾಕಿ ನೋಡೋಣ. ತಾಯಿ ಒಬ್ಬರೇ. ಕೇರ್ ಹೋಮ್‌ನಲ್ಲಿ ಕೆಲಸ, ಬಾಡಿಗೆ ಮನೆ, ಬಾಡಿಗೆಗೆ ನೆರವು ಇದೆ. ಒಬ್ಬನೇ ಮಗ, ಕಾಲೇಜು ಬಿಟ್ಟು ಅಪ್ರೆಂಟಿಸ್‌ಶಿಪ್‌ಗೆ ಸೇರುತ್ತಾನೆ. ಚೈಲ್ಡ್ ಬೆನಿಫಿಟ್ ತಿಂಗಳಿಗೆ ಹಾಕಿದರೆ 112.88 ಪೌಂಡ್ ಹೋಯಿತು. ಮಗುವಿನ ಭಾಗ 339 ಹೋಯಿತು. ರಿಯಾಯಿತಿ ಹೋದದ್ದರಿಂದ 411ಕ್ಕೆ ಶೇ 55ರಂತೆ ಇನ್ನೊಂದು 226.05 ಕಡಿತ. ಒಟ್ಟು 677.93 ಪೌಂಡ್, ಒಂದು ತಿಂಗಳಿಗೆ. ಇದರಲ್ಲಿ ಚೈಲ್ಡ್ ಬೆನಿಫಿಟ್ ಪಾಲು ಆರನೇ ಒಂದು ಮಾತ್ರ. ಅದೊಂದೇ ಹೋಗುತ್ತದೆ ಅಂದುಕೊಂಡು ಖರ್ಚು ಹೊಂದಿಸಿದವರಿಗೆ ಆಮೇಲೆ ತಲೆ ತಿರುಗುವುದು ಸಹಜ ಅಲ್ವಾ?

18 ತುಂಬಿ, ಕೆಲಸ ಇಲ್ಲದೆ ಮನೆಯಲ್ಲಿರುವ ಮಗು ತನ್ನ ಹೆಸರಿನಲ್ಲಿ ಯೂನಿವರ್ಸಲ್ ಕ್ರೆಡಿಟ್ ಕೇಳಬಹುದು. 25ಕ್ಕಿಂತ ಕಡಿಮೆ ವಯಸ್ಸಿನ ಒಂಟಿ ವ್ಯಕ್ತಿಗೆ ತಿಂಗಳಿಗೆ 316.98 ಪೌಂಡ್. ಆದರೆ ಮಗು ಕೇಳಿದ ಕ್ಷಣ ಅಪ್ಪ-ಅಮ್ಮನಿಗೆ ಆ ಮಗುವಿನ ಲೆಕ್ಕದಲ್ಲಿ ಬರುತ್ತಿದ್ದದ್ದು ನಿಲ್ಲುತ್ತದೆ. ಮಗು ಜಾಬ್‌ಸೆಂಟರ್‌ಗೆ ಹೋಗುವ ಮುಂಚೆ ಅಡುಗೆಮನೆಯಲ್ಲಿ ಕೂತು ಎರಡೂ ಕಡೆಯ ಲೆಕ್ಕ ಹಾಕಿ ನೋಡುವುದು ಮೇಲು.

## ಇಬ್ಬರು ಮಕ್ಕಳಿದ್ದರೆ

ಇಲ್ಲೊಂದು ಸಣ್ಣ ಸಮಾಧಾನ ಇದೆ. ಚೈಲ್ಡ್ ಬೆನಿಫಿಟ್‌ನಲ್ಲಿ ಜಾಸ್ತಿ ದರ ಸಿಗುವುದು ಪಟ್ಟಿಯಲ್ಲಿರುವ ದೊಡ್ಡ ಮಗುವಿಗೆ. ಅಣ್ಣ ಪಟ್ಟಿಯಿಂದ ಹೊರಗೆ ಹೋದರೆ ತಂಗಿ ದೊಡ್ಡವಳಾಗುತ್ತಾಳೆ. ಅವಳ ದರ 17.25ರಿಂದ 26.05ಕ್ಕೆ ಏರುತ್ತದೆ. ಹಾಗಾಗಿ ಮನೆಗೆ ನಷ್ಟ ವಾರಕ್ಕೆ 17.25 ಪೌಂಡ್, 26.05 ಅಲ್ಲ. ನಾಲ್ಕು ವಾರಕ್ಕೆ 173.20 ಬರುತ್ತಿದ್ದದ್ದು 104.20 ಆಗುತ್ತದೆ. ವರ್ಕ್ ಅಲವೆನ್ಸ್ ಕೂಡ ತಂಗಿಯ ಹೆಸರಿನಲ್ಲಿ ಉಳಿಯುತ್ತದೆ.

## ಇನ್ನೆಲ್ಲೆಲ್ಲಿ ತಟ್ಟುತ್ತದೆ?

ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ ಒಂದು. ಮನೆಯಲ್ಲಿ ವಯಸ್ಕರು ಒಬ್ಬರೇ ಇದ್ದರೆ ಶೇ 25 ರಿಯಾಯಿತಿ. 18-19ರ ಮಗುವಿಗೆ ಚೈಲ್ಡ್ ಬೆನಿಫಿಟ್ ಬರುತ್ತಿರುವವರೆಗೆ ಆ ಮಗುವನ್ನು ವಯಸ್ಕರ ಎಣಿಕೆಗೆ ಹಿಡಿಯುವುದಿಲ್ಲ. ಅದು ನಿಂತ ಮೇಲೆ ಹಿಡಿಯುತ್ತಾರೆ, ಒಂಟಿ ತಾಯಿಯ ರಿಯಾಯಿತಿ ಹೋಗುತ್ತದೆ. ಆದರೆ ಏಪ್ರಿಲ್ 30ರ ನಂತರ ಓದು ಮುಗಿಸಿದ, 20 ತುಂಬದ ಮಕ್ಕಳಿಗೆ ಆ ವರ್ಷದ ಅಕ್ಟೋಬರ್ 31ರವರೆಗೆ ವಿನಾಯಿತಿ ಇದೆ. ಯೂನಿವರ್ಸಿಟಿ ಸೇರಿದರೆ ಫುಲ್ ಟೈಮ್ ವಿದ್ಯಾರ್ಥಿ ಅಂತ ವಿನಾಯಿತಿ ಮುಂದುವರಿಯುತ್ತದೆ. ವಾರಕ್ಕೆ 195 ಪೌಂಡ್‌ವರೆಗೆ ದುಡಿಯುವ ಅಪ್ರೆಂಟಿಸ್‌ಗೂ ಇದೆ.

ಬೇರೆಯಾದ ಗಂಡ-ಹೆಂಡತಿಯ ನಡುವಿನ ಜೀವನಾಂಶವೂ ಇದಕ್ಕೆ ಅಂಟಿಕೊಂಡಿದೆ. ಚೈಲ್ಡ್ ಮೇಂಟೆನೆನ್ಸ್ ಸರ್ವಿಸ್ ಅನ್ನುವ ಸರ್ಕಾರಿ ಸೇವೆಯ ಮೂಲಕ ಹಣ ಬರುತ್ತಿದ್ದರೆ, 16ರ ನಂತರ ಅದು ಮುಂದುವರಿಯುವುದು ಮಗುವಿಗೆ ಚೈಲ್ಡ್ ಬೆನಿಫಿಟ್ ಇರುವವರೆಗೆ. ಫ್ರಿಜ್ ಮೇಲಿನ ಆ ಕಾಗದಕ್ಕೆ ಉತ್ತರ ಕೊಡದೆ ಹೋದರೆ ಇದೂ ನಿಲ್ಲಬಹುದು.

ಆದಾಯ 60,000 ದಾಟಿ ತೆರಿಗೆಯಾಗಿ ವಾಪಸ್ ಕಟ್ಟುತ್ತಿರುವವರು, ಮಗು ಓದು ಬಿಟ್ಟ ವರ್ಷ ಹಣ ಬಂದ ವಾರಗಳಿಗೆ ಮಾತ್ರ ಕಟ್ಟಬೇಕು. ಸಂಬಳದಲ್ಲೇ ಅದನ್ನು ಹಿಡಿಯುತ್ತಿದ್ದರೆ ಟ್ಯಾಕ್ಸ್ ಕೋಡ್ ಬದಲಾಗಿದೆಯಾ ಅಂತ ಒಮ್ಮೆ ನೋಡಿ.

## ಓದಿಸಲು ಊರಿಗೆ ಕಳಿಸಿದರೆ

ಜಿಸಿಎಸ್‌ಇ ಆದ ಮೇಲೆ ಮಗುವನ್ನು ಬೆಂಗಳೂರಿಗೋ ಮಂಗಳೂರಿಗೋ ಕಳಿಸಿ ಪಿಯುಸಿ ಓದಿಸೋಣ, ನೀಟ್ ಬರೆಸೋಣ ಅನ್ನುವ ಮನೆಗಳೂ ಇವೆ. ಅಲ್ಲಿ ಮಗು ಪೂರ್ತಿ ಹೊತ್ತು ಓದುತ್ತಿದ್ದರೂ ಚೈಲ್ಡ್ ಬೆನಿಫಿಟ್ ಬರುವುದಿಲ್ಲ. ಮಗು ತಾತ್ಕಾಲಿಕವಾಗಿ ದೇಶದ ಹೊರಗಿದ್ದರೆ ಸಾಮಾನ್ಯವಾಗಿ 12 ವಾರದವರೆಗೆ ತೊಂದರೆ ಇಲ್ಲ. ಎರಡು ವರ್ಷದ ಪಿಯುಸಿ ತಾತ್ಕಾಲಿಕ ಅನ್ನಿಸಿಕೊಳ್ಳುವುದಿಲ್ಲ. ಹಣ ಪಡೆಯುವ ಅಪ್ಪ ಅಥವಾ ಅಮ್ಮ ಸ್ವತಃ ಹೊರಗಿದ್ದರೆ ಮಿತಿ 8 ವಾರ. ಅನಾರೋಗ್ಯ, ಮನೆಯಲ್ಲಿ ಸಾವು ಇಂಥ ಕಾರಣಕ್ಕೆ 12 ವಾರ. ಮದುವೆ ಸೀಸನ್‌ಗೆ ಅಂತ ಮೂರು ತಿಂಗಳು ಊರಿಗೆ ಹೋಗುವವರು ಹೊರಡುವ ಮುಂಚೆ ತಿಳಿಸಬೇಕು.

## ಮಗು ಮನಸ್ಸು ಬದಲಿಸಿದರೆ

ಹದಿನೇಳರ ಮಕ್ಕಳ ತೀರ್ಮಾನ ಗಟ್ಟಿ ಇರುವುದಿಲ್ಲ. ಅಕ್ಟೋಬರ್‌ನಲ್ಲಿ ಬಿಟ್ಟವನು ಮುಂದಿನ ಸೆಪ್ಟೆಂಬರ್‌ನಲ್ಲಿ ಬೇರೆ ಕಾಲೇಜು, ಬೇರೆ ಕೋರ್ಸು ಅಂತ ಹೊರಡುತ್ತಾನೆ. ಆಗ ಹಣವೂ ಮತ್ತೆ ಶುರುವಾಗಬಹುದು. ಒಪ್ಪಿತ ಕೋರ್ಸಿರಬೇಕು, 12 ಗಂಟೆ ದಾಟಬೇಕು. ಇನ್ನೊಂದು, 19 ತುಂಬುವ ಮುಂಚೆ ಆ ಕೋರ್ಸಿಗೆ ಸೇರಿರಬೇಕು ಅಥವಾ ಸೀಟು ಒಪ್ಪಿಕೊಂಡಿರಬೇಕು. 19 ಆದ ಮೇಲೆ ಹೊಸದಾಗಿ ಸೇರಿದರೆ ಚೈಲ್ಡ್ ಬೆನಿಫಿಟ್ ಇಲ್ಲ.

ಹೊಸ ಅರ್ಜಿಗೆ ಹಿಂದಿನ ಬಾಕಿ ಸಿಗುವುದು ಹೆಚ್ಚೆಂದರೆ ಮೂರು ತಿಂಗಳದ್ದು. ಸೆಪ್ಟೆಂಬರ್ ಮೊದಲ ವಾರ ಕಾಲೇಜು ಶುರುವಾದರೆ ಡಿಸೆಂಬರ್ ಮೊದಲ ವಾರದೊಳಗೆ ಅರ್ಜಿ ಹಾಕಿ. ಸೀಟು ಸಿಕ್ಕ ಪತ್ರ, ಟೈಮ್‌ಟೇಬಲ್ ಎರಡನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಗಂಟೆ ಎಷ್ಟು ಅಂತ ಕೇಳಿದರೆ ತೋರಿಸಲಿಕ್ಕೆ ಬೇಕಾಗುತ್ತದೆ.